ಕುಡಿತ ಮತ್ತು ಶ್ವಾಸಕೋಶ: ಸಂಶೋಧನಾ ತಂಡದಲ್ಲಿ ಯಾರ ಕೆಲಸ ಏನು?

ಮದ್ಯ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಮನುಷ್ಯರಲ್ಲೇ ಅಧ್ಯಯನ ಮಾಡುವ ತಂಡದಲ್ಲಿ ವೈದ್ಯರಿಗಿಂತ ಇತರರ ಸಂಖ್ಯೆಯೇ ಹೆಚ್ಚು. ಹಳ್ಳಿಗೆ ಹೋಗಿ ಮಾತಾಡಿಸುವವರು, ಒಪ್ಪಿಗೆ ಪಡೆಯುವವರು, ಉಸಿರು ಅಳೆಯುವವರು, ಕಫ ಪರೀಕ್ಷಿಸುವವರು, ಕುಡಿತ ನಿಲ್ಲಿಸಿದಾಗ ಬರುವ ನಡುಕವನ್ನು ನೋಡಿಕೊಳ್ಳುವವರು, ಅಂಕಿಗಳನ್ನು ಕಾಯುವವರು ಎಲ್ಲರೂ ಬೇಕು. ಇಷ್ಟು ಜನ ಬೇಕಾಗುವುದಕ್ಕೆ ಎರಡು ಕಾರಣಗಳಿವೆ. ಯಾರು ಎಷ್ಟು ಕುಡಿಯುತ್ತಾರೆ ಎಂಬುದು ಬಹುಮಟ್ಟಿಗೆ ಅವರ ಬಾಯಿಂದಲೇ ತಿಳಿಯಬೇಕು; ಆ ಮಾತಿನಲ್ಲಿ ಮರೆವೂ ಇರುತ್ತದೆ, ಸಂಕೋಚವೂ ಇರುತ್ತದೆ. ಜೊತೆಗೆ ಶ್ವಾಸಕೋಶವನ್ನು ಕೆಡಿಸುವುದು ಮದ್ಯವೊಂದೇ ಅಲ್ಲ. ಬೀಡಿ, ಸೌದೆ ಒಲೆಯ ಹೊಗೆ, ಕಲ್ಲಿನ ದೂಳು, ಕ್ಷಯ ಎಲ್ಲವೂ ಒಬ್ಬನ ಎದೆಯಲ್ಲೇ ಸೇರಿರಬಹುದು. ಒಬ್ಬರೇ ಕೇಳಿ, ಅಳೆದು, ಚಿಕಿತ್ಸೆ ಕೊಟ್ಟು, ತೀರ್ಮಾನವನ್ನೂ ಹೇಳಿದರೆ ಅವರ ಪೂರ್ವಗ್ರಹವೇ ಫಲಿತಾಂಶವಾಗಿ ಹೊರಬರುತ್ತದೆ. ತಂಡದಲ್ಲಿ ಕೆಲಸ ಹಂಚುವುದರ ಮುಖ್ಯ ಉದ್ದೇಶ ಅದನ್ನು ತಡೆಯುವುದು.

ಅಧ್ಯಯನದ ವಿಷಯ

ಕುಡಿತ ಎಂದೊಡನೆ ಜನ ನೆನೆಯುವುದು ಯಕೃತ್ತನ್ನು. ಆದರೆ ರಕ್ತಕ್ಕೆ ಸೇರಿದ ಮದ್ಯದ ಒಂದು ಪಾಲು ಆವಿಯಾಗಿ ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಪೊಲೀಸರು ಉಸಿರು ಊದಿಸಿ ಕುಡಿದವರನ್ನು ಹಿಡಿಯುವುದು ಇದರ ಆಧಾರದ ಮೇಲೆಯೇ. ವರ್ಷಗಟ್ಟಲೆ ಕುಡಿದವರಲ್ಲಿ ಶ್ವಾಸನಾಳದ ಕಸವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ಚಲನೆ ಮಂದವಾಗುತ್ತದೆ. ಗಾಳಿಗೂಡುಗಳಲ್ಲಿ ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳು ಸೊರಗುತ್ತವೆ. ಗಾಳಿಗೂಡಿನ ಒಳಪದರವನ್ನು ಕಾಯುವ ಗ್ಲುಟಾಥಯೋನ್ ಎಂಬ ವಸ್ತು ಕಡಿಮೆಯಾಗುತ್ತದೆ. ಅಮಲಿನ ನಿದ್ದೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಬರುವುದೂ ಉಂಟು.

ಈ ಸಂಬಂಧದ ಕಡೆಗೆ ವೈದ್ಯಲೋಕ ಗಮನ ಹರಿಸುವಂತೆ ಮಾಡಿದ್ದು 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ತೀವ್ರ ನಿಗಾ ಘಟಕದ 351 ರೋಗಿಗಳನ್ನು ಗಮನಿಸಿದಾಗ, ವಿಪರೀತ ಕುಡಿತದ ಚರಿತ್ರೆ ಇದ್ದವರಲ್ಲಿ ಶೇ 43 ಮಂದಿಗೆ ತೀವ್ರ ಉಸಿರಾಟ ವೈಫಲ್ಯ ಉಂಟಾಗಿತ್ತು. ಉಳಿದವರಲ್ಲಿ ಅದು ಶೇ 22. ಕ್ಷಯದ ವಿಚಾರದಲ್ಲಿ, ದಿನಕ್ಕೆ 40 ಗ್ರಾಂಗಿಂತ ಹೆಚ್ಚು ಮದ್ಯಸಾರ ಸೇವಿಸುವವರಿಗೆ ಅಥವಾ ಕುಡಿತದ ಚಟಕ್ಕೆ ಬಿದ್ದವರಿಗೆ ಅಪಾಯ ಸುಮಾರು ಮೂರು ಪಟ್ಟು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಮರ್ಶೆ ಹೇಳಿತು. ನಮ್ಮಲ್ಲಿನ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ 42.8. ಅಂದರೆ 30 ಮಿಲಿಲೀಟರಿಗೆ ಸುಮಾರು 10 ಗ್ರಾಂ, 90ರ ಟೆಟ್ರಾ ಪ್ಯಾಕಿಗೆ 30 ಗ್ರಾಂ, 180ರ ಕ್ವಾರ್ಟರಿಗೆ 60 ಗ್ರಾಂ. ದಿನಕ್ಕೊಂದು ಕ್ವಾರ್ಟರ್ ಮುಗಿಸುವ ಕೂಲಿಯಾಳು ಆ 40 ಗ್ರಾಂನ ಗೆರೆಯನ್ನು ದಾಟಿ ಬಹಳ ದೂರ ಹೋಗಿರುತ್ತಾನೆ.

ತುಮಕೂರು ಜಿಲ್ಲೆಯ ಹಳೆಯ ಮಾದರಿ

ಹಳ್ಳಿಗೆ ತಂಡ ಕಟ್ಟಿಕೊಂಡು ಹೋಗಿ ಶ್ವಾಸಕೋಶವನ್ನು ಅಧ್ಯಯನ ಮಾಡುವುದು ತುಮಕೂರು ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದಕ್ಕೆ ನೆರವಾದವು. 1960–61ರಲ್ಲಿ ಸಂಸ್ಥೆ ತನ್ನ ದೊಡ್ಡ ಸಮೀಕ್ಷೆಯೊಂದನ್ನು ನಡೆಸಿದ್ದು ಆಗಿನ ಮೈಸೂರು ರಾಜ್ಯದ ತುಮಕೂರು ಜಿಲ್ಲೆಯಲ್ಲಿ. ರಾಜ್ ನಾರಾಯಣ್ ಮತ್ತು ಸಂಗಡಿಗರ ವರದಿಗಳು 1963ರಲ್ಲಿ ಪ್ರಕಟವಾದವು. ಮನೆಗಣತಿ, ಚರ್ಮದ ಟ್ಯುಬರ್ಕ್ಯುಲಿನ್ ಪರೀಕ್ಷೆ, ಎದೆಯ ಎಕ್ಸ್‌-ರೇ, ಕಫ ಪರೀಕ್ಷೆ ಒಂದೊಂದೂ ಪ್ರತ್ಯೇಕ ತರಬೇತಿ ಬೇಡುವ ಕೆಲಸವಾಗಿತ್ತು.

ಅದರ ಬೆನ್ನಿಗೇ ಅದೇ ಜಿಲ್ಲೆಯಲ್ಲಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಸಮಾಜಶಾಸ್ತ್ರೀಯ ಅಧ್ಯಯನವೊಂದನ್ನು ಕೈಗೊಂಡರು. ಕಾಯಿಲೆ ಇದ್ದವರಿಗೆ ಅದರ ಲಕ್ಷಣಗಳ ಅರಿವಿದೆಯೇ, ಅವರು ಏನು ಮಾಡಿದರು ಎಂಬುದು ಪ್ರಶ್ನೆ. ಹಳ್ಳಿಯವರು ಕೆಮ್ಮನ್ನು ಲಕ್ಷ್ಯಕ್ಕೆ ತರುವುದಿಲ್ಲ ಎಂಬ ನಗರದ ನಂಬಿಕೆ ಸುಳ್ಳಾಯಿತು. ಕಫದಲ್ಲಿ ರೋಗಾಣು ಕಂಡವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳು ಗೊತ್ತಿದ್ದವು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಚಿಕಿತ್ಸೆಗೆಂದು ಆಗಲೇ ಹೋಗಿಬಂದಿದ್ದರು. ಆಸ್ಪತ್ರೆಗೆ ಬಂದ ಕೆಮ್ಮಿನವರ ಕಫವನ್ನು ಅಲ್ಲೇ ಪರೀಕ್ಷಿಸಬೇಕು ಎಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಈ ಫಲಿತಾಂಶವೂ ಆಧಾರವಾಯಿತು. ರೋಗಿಗಳಿಗೆ ಏನು ಗೊತ್ತಿತ್ತು, ಅವರು ಏನು ಮಾಡಿದರು ಎಂಬುದನ್ನು ಎಕ್ಸ್‌-ರೇ ಯಂತ್ರ ಹೇಳಲಾರದು. ಕೂತು ಕೇಳುವ ಸಂದರ್ಶಕರು ವೈದ್ಯರಷ್ಟೇ ಮುಖ್ಯ ಎಂಬುದು ತುಮಕೂರಿನಲ್ಲಿ ಆರು ದಶಕಗಳ ಹಿಂದೆಯೇ ಗೊತ್ತಾಗಿತ್ತು.

ಕುಡಿತದ ಬಗೆಗಿನ ಸಂಶೋಧನೆಗೂ ರಾಜ್ಯದಲ್ಲಿ ನೆಲೆಯಿದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಮದ್ಯದ ಆರೋಗ್ಯ ಹಾಗೂ ಸಾಮಾಜಿಕ ಹೊರೆಯನ್ನು ಅಧ್ಯಯನ ಮಾಡುತ್ತ ಬಂದಿದೆ. ಎದೆರೋಗಗಳಿಗೆ ಮೀಸಲಾದ ರಾಜೀವ್ ಗಾಂಧಿ ಸಂಸ್ಥೆ ಇರುವುದೂ ಬೆಂಗಳೂರಿನ ಅದೇ ಭಾಗದಲ್ಲಿ. ಕುಡಿತ ಮತ್ತು ಶ್ವಾಸಕೋಶ ಎರಡನ್ನೂ ಕೂಡಿಸಿ ನೋಡುವ ತಂಡಕ್ಕೆ ಈ ಎರಡೂ ಬಗೆಯ ಪರಿಣತಿ ಬೇಕು. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹೋಬಳಿಯಂಥ ಕಡೆ ಅಂಥ ಅಧ್ಯಯನ ನಡೆಯುವುದಾದರೆ ಯಾರ್ಯಾರು ಬೇಕಾಗುತ್ತಾರೆ ಎಂಬುದನ್ನು ಕೆಲಸ ಸಾಗುವ ಕ್ರಮದಲ್ಲೇ ನೋಡಬಹುದು.

ಪ್ರಧಾನ ಸಂಶೋಧಕರು

ಅಧ್ಯಯನದ ಪೂರ್ಣ ಹೊಣೆ ಪ್ರಧಾನ ಸಂಶೋಧಕರದು. ಸಾಮಾನ್ಯವಾಗಿ ಶ್ವಾಸಕೋಶ ತಜ್ಞರೋ ಮನೋವೈದ್ಯರೋ ಈ ಸ್ಥಾನದಲ್ಲಿರುತ್ತಾರೆ. ಮತ್ತೊಂದು ವಿಭಾಗದವರು ಸಹ ಸಂಶೋಧಕರಾಗುತ್ತಾರೆ. ಪ್ರಶ್ನೆ ಯಾವುದು, ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಪರೀಕ್ಷೆ ಯಾವಾಗ ಎಂಬುದನ್ನೆಲ್ಲ ಬರೆದಿಟ್ಟ ಯೋಜನಾಪತ್ರವೇ ಅಧ್ಯಯನದ ಸಂವಿಧಾನ. ಯಾವ ಕೆಲಸವನ್ನು ಯಾರಿಗೆ ವಹಿಸಲಾಗಿದೆ, ಅವರಿಗೆ ಏನು ತರಬೇತಿಯಾಗಿದೆ ಎಂಬ ಪಟ್ಟಿಗೂ ಪ್ರಧಾನ ಸಂಶೋಧಕರ ಸಹಿ ಬೀಳುತ್ತದೆ. ಕೆಲಸವನ್ನು ಹಂಚಬಹುದು, ಹೊಣೆಯನ್ನು ಹಂಚಲಾಗದು. ಔಷಧ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತೀಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಈ ರಿಜಿಸ್ಟ್ರಿ ಆರಂಭವಾದದ್ದು 2007ರಲ್ಲಿ; ನೋಂದಣಿ ಕಡ್ಡಾಯವಾದದ್ದು 2009ರ ಜೂನ್‌ನಿಂದ. ಫಲಿತಾಂಶ ಕೈಗೆ ಬಂದ ಮೇಲೆ ಪ್ರಶ್ನೆಯನ್ನೇ ಬದಲಿಸುವ ದಾರಿಯನ್ನು ನೋಂದಣಿ ಮುಚ್ಚುತ್ತದೆ.

ತಂಡದ ಹೊರಗೆ ನಿಂತು ತಂಡವನ್ನು ನೋಡುವುದು ನೀತಿ ಸಮಿತಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಕಾನೂನು ಬಲ್ಲವರು, ವೈದ್ಯಕೀಯಕ್ಕೆ ಸಂಬಂಧಿಸದ ಸಾಮಾನ್ಯ ನಾಗರಿಕರು, ಮಹಿಳೆ ಇರಲೇಬೇಕು. ಅಧ್ಯಕ್ಷರು ಸಮಿತಿಯನ್ನು ರಚಿಸಿದ ಸಂಸ್ಥೆಗೆ ಸೇರಿದವರಾಗಿರಬಾರದು. ಚಟಕ್ಕೆ ಬಿದ್ದವರನ್ನು ಒಳಗೊಳ್ಳುವ ಅಧ್ಯಯನವನ್ನು ಸಮಿತಿ ಹೆಚ್ಚಿನ ಎಚ್ಚರದಿಂದ ಪರಿಶೀಲಿಸುತ್ತದೆ.

ಸಂಯೋಜಕರು ಮತ್ತು ಕ್ಷೇತ್ರ ಸಿಬ್ಬಂದಿ

ದಿನದಿನದ ಕೆಲಸ ನಡೆಯುವುದು ಅಧ್ಯಯನ ಸಂಯೋಜಕರಿಂದ. ಯಾರು ಯಾವ ದಿನ ಬರಬೇಕು, ಯಾವ ಪರೀಕ್ಷೆ ಬಾಕಿ ಇದೆ, ಯಾವ ಫಾರಂ ತುಂಬಿಲ್ಲ ಎಂಬ ಲೆಕ್ಕ ಅವರಲ್ಲಿರುತ್ತದೆ. ಒಳ್ಳೆಯ ಸಂಯೋಜಕರಿಗೆ ಊರಿನ ಹಂಗಾಮು ಗೊತ್ತಿರಬೇಕು. ರಾಗಿ ಕೊಯ್ಲಿನಲ್ಲಿ ಹುತ್ರಿದುರ್ಗದ ಸುತ್ತಿನವರನ್ನು ಕುಣಿಗಲ್‌ಗೆ ಕರೆದರೆ ಯಾರೂ ಬರುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಗುಬ್ಬಿಯ ಕಡೆಯೂ ಅದೇ ಕತೆ. ಬಸ್ ಚಾರ್ಜು, ಊಟ, ಕಳೆದುಕೊಂಡ ಕೂಲಿಗೆ ತಕ್ಕ ಹಣ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಆದರೆ ಹಣದಾಸೆಗೇ ಒಪ್ಪಿಕೊಳ್ಳುವಷ್ಟು ಕೊಡಬಾರದು. ಇಲ್ಲಿ ಇನ್ನೊಂದು ತೊಡಕಿದೆ: ಕೈಗೆ ಕೊಟ್ಟ ನಗದು ನೇರ ಮದ್ಯದಂಗಡಿಗೆ ಹೋಗಬಹುದು. ಅದಕ್ಕಾಗಿ ಎಷ್ಟು, ಯಾವ ರೂಪದಲ್ಲಿ ಕೊಡಬೇಕೆಂಬುದನ್ನು ಮೊದಲೇ ನೀತಿ ಸಮಿತಿಯ ಮುಂದಿಡಲಾಗುತ್ತದೆ.

ಹಳ್ಳಿಯ ಬಾಗಿಲು ತೆರೆಯುವುದು ಆಶಾ ಕಾರ್ಯಕರ್ತೆಯಿಂದ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ಇರುವ ಇವರಿಗೆ ಯಾರ ಮನೆಯಲ್ಲಿ ಹಳೆಯ ಕೆಮ್ಮಿದೆ, ಯಾರು ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟರು ಎಂಬುದು ತಿಳಿದಿರುತ್ತದೆ. ಆದರೆ ಕುಡಿತದ ಪ್ರಶ್ನೆಯನ್ನು ಇವರಿಂದ ಕೇಳಿಸುವುದಿಲ್ಲ. ಅದೇ ಊರಿನ ಹೆಣ್ಣುಮಗಳ ಎದುರು ಗಂಡಸರು ನಿಜ ಹೇಳುವುದು ಕಷ್ಟ. ಕುಡಿಯುವ ಹೆಂಗಸರಂತೂ ಬಾಯಿಬಿಡುವುದಿಲ್ಲ. ಆದ್ದರಿಂದ ಆಶಾ ಪರಿಚಯಿಸಿ ಹಿಂದೆ ಸರಿಯುತ್ತಾರೆ. ಹೊರಗಿನಿಂದ ಬಂದ ಕ್ಷೇತ್ರ ಸಂದರ್ಶಕರು ಮುಂದಿನ ಮಾತು ನಡೆಸುತ್ತಾರೆ. ಇವರು ಹೆಚ್ಚಾಗಿ ಸಮಾಜಕಾರ್ಯ ಓದಿದವರು. ಮನೆಯವರು ಕೇಳಿಸಿಕೊಳ್ಳದಂಥ ಜಾಗ ಹುಡುಕುವುದೂ ಇವರ ಕೆಲಸದ ಭಾಗ.

ಒಪ್ಪಿಗೆ ಪಡೆಯುವವರು

ಒಪ್ಪಿಗೆ ಪತ್ರದ ಕೆಲಸ ಸಾಮಾನ್ಯವಾಗಿ ರಿಸರ್ಚ್ ನರ್ಸ್ ಅಥವಾ ಅಧ್ಯಯನದ ವೈದ್ಯರದು. ಅಧ್ಯಯನ ಏಕೆ, ಏನೇನು ಪರೀಕ್ಷೆ, ಅಪಾಯವೇನು, ಬೇಡವೆಂದರೆ ಚಿಕಿತ್ಸೆಗೆ ಏನೂ ತೊಂದರೆಯಾಗದು, ಯಾವಾಗ ಬೇಕಾದರೂ ಬಿಡಬಹುದು ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಬೇಕು, ಓದಿ ಹೇಳಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಹಾಜರಿರಬೇಕು.

ಮದ್ಯದ ಅಧ್ಯಯನದಲ್ಲಿ ಇದಕ್ಕೂ ಮೊದಲು ಒಂದು ಮೆಟ್ಟಿಲಿದೆ. ಅಮಲಿನಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಕುಡಿತ ಬಿಟ್ಟ ಮೊದಲ ದಿನದ ನಡುಕ, ಗಲಿಬಿಲಿಯಲ್ಲಿ ಕೊಟ್ಟದ್ದೂ ಅಷ್ಟೇ. ಉಸಿರು ಊದಿಸಿ ನೋಡಿ, ದಿನ, ಸ್ಥಳ, ವಿಷಯ ಅರ್ಥವಾಗಿದೆಯೇ ಎಂದು ಕೇಳಿ, ಸಂಶಯವಿದ್ದರೆ ಇನ್ನೊಂದು ದಿನಕ್ಕೆ ಮುಂದೂಡುತ್ತಾರೆ. ಹೇಳಿದ್ದು ಮಾಲೀಕರಿಗೆ, ಮನೆಯವರಿಗೆ, ಪೊಲೀಸರಿಗೆ ಹೋಗುವುದಿಲ್ಲ ಎಂಬ ಭರವಸೆಯೂ ಇಲ್ಲೇ ಸಿಗಬೇಕು. ಮಾಹಿತಿಯ ಹಾಳೆಗಳ ಮೇಲೆ ಹೆಸರಿನ ಬದಲು ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಬೇರೆಯೇ ಬೀಗದಲ್ಲಿರುತ್ತದೆ.

ಕುಡಿತವನ್ನು ಅಳೆಯುವವರು

ಎಷ್ಟು ಕುಡಿಯುತ್ತೀರಿ ಎಂದು ನೇರ ಕೇಳಿದರೆ ಸಿಗುವ ಉತ್ತರ ‘ಅಪರೂಪಕ್ಕೊಮ್ಮೆ’. ಹೀಗಾಗಿ ತರಬೇತಿ ಪಡೆದ ಸಂದರ್ಶಕರು ಅಥವಾ ಆಪ್ತಸಮಾಲೋಚಕರು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿಯನ್ನು ಬಳಸುತ್ತಾರೆ. ಗರಿಷ್ಠ ಅಂಕ 40. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ ಎಂದರ್ಥ. ಜೊತೆಗೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಿನ ಒಂದು ಅಥವಾ ಮೂರು ತಿಂಗಳನ್ನು ದಿನದಿನವಾಗಿ ನೆನಪಿಸಿಕೊಳ್ಳುವ ವಿಧಾನವೂ ಇದೆ. ಸಂತೆ, ಬಟವಾಡೆ, ಊರ ಜಾತ್ರೆ, ಮದುವೆ, ಯುಗಾದಿಯ ಮರುದಿನದ ಹೊಸತೊಡಕು ಇವೇ ನೆನಪಿಗೆ ಗೂಟಗಳು. ಪೆಗ್ಗು, ನೈಂಟಿ, ಕ್ವಾರ್ಟರ್ ಎಂದು ಹೇಳಿದ್ದನ್ನು ಗ್ರಾಂಗಳಿಗೆ ಪರಿವರ್ತಿಸುವ ಕೋಷ್ಟಕ ಸಂದರ್ಶಕರ ಕೈಲಿರುತ್ತದೆ. ಸಾರಾಯಿ ಮಾರಾಟ ಕರ್ನಾಟಕದಲ್ಲಿ 2007ರ ಜುಲೈನಲ್ಲಿ ನಿಂತಿತು. ಹೀಗಾಗಿ ವಯಸ್ಸಾದವರ ಕುಡಿತದ ಚರಿತ್ರೆಯಲ್ಲಿ ಪಾಕೀಟು ಸಾರಾಯಿಯ ಕಾಲವನ್ನು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಮಾತಿಗೆ ಒರೆಗಲ್ಲು ರಕ್ತಪರೀಕ್ಷೆ. ದೇಹದಲ್ಲಿ ಮದ್ಯವಿದ್ದಾಗ ಮಾತ್ರ ಉಂಟಾಗುವ ಫಾಸ್ಫಾಟಿಡೈಲ್ ಎಥನಾಲ್ ಎಂಬ ವಸ್ತು ಎರಡರಿಂದ ನಾಲ್ಕು ವಾರದ ಹಿಂದಿನ ಕುಡಿತವನ್ನೂ ತೋರಿಸಬಲ್ಲದು. ಸಂದರ್ಶಕರಿಗೆ ರಕ್ತದ ಫಲಿತಾಂಶ ತಿಳಿಯದಂತೆಯೂ, ಪ್ರಯೋಗಾಲಯದವರಿಗೆ ಸಂದರ್ಶನದ ಉತ್ತರ ತಿಳಿಯದಂತೆಯೂ ಏರ್ಪಾಡು ಮಾಡುತ್ತಾರೆ. ಎರಡೂ ಸ್ವತಂತ್ರವಾಗಿದ್ದರೆ ಮಾತ್ರ ಒಂದು ಇನ್ನೊಂದನ್ನು ಪರೀಕ್ಷಿಸಬಲ್ಲದು.

ಶ್ವಾಸಕೋಶವನ್ನು ಅಳೆಯುವವರು

ಸ್ಪೈರೋಮೆಟ್ರಿ ತಂತ್ರಜ್ಞರ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ದಿನದ ಆರಂಭದಲ್ಲಿ 3 ಲೀಟರ್ ಸಿರಿಂಜಿನಿಂದ ಗಾಳಿ ಹಾಯಿಸಿ ಯಂತ್ರ ಸರಿಯಿದೆಯೇ ನೋಡಬೇಕು. ಆಮೇಲೆ ಬಂದವರಿಗೆ ಆಳವಾಗಿ ಉಸಿರೆಳೆದುಕೊಂಡು ಪೂರ್ತಿ ಬಲದಿಂದ ಊದುವುದನ್ನು ಹೇಳಿಕೊಡಬೇಕು. ಸರಿಯಾದ ಮೂರು ಊದುವಿಕೆ ಸಿಗುವವರೆಗೆ ಹುರಿದುಂಬಿಸಬೇಕು. ಸಾಲ್‌ಬ್ಯುಟಮಾಲ್ ಎಳೆಸಿ, ಸುಮಾರು 15 ನಿಮಿಷ ಕಳೆದ ಮೇಲೆ ಮತ್ತೆ ಊದಿಸುತ್ತಾರೆ. ಆಗಲೂ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳ ಕಿರಿದಾಗಿದೆ ಎಂದು ತಿಳಿಯಲಾಗುತ್ತದೆ. ಪಾಲ್ಗೊಂಡವರು ಮನಸ್ಸಿಟ್ಟು ಊದದಿದ್ದರೆ ಒಳ್ಳೆಯ ಶ್ವಾಸಕೋಶವೂ ಕೆಟ್ಟದ್ದಾಗಿ ಕಾಣುತ್ತದೆ. ಎಂಥ ತಜ್ಞರಿಗೂ ಆ ಅಂಕಿಯನ್ನು ಆಮೇಲೆ ಸರಿಪಡಿಸಲಾಗದು.

ಪರೀಕ್ಷೆಗಳ ಸರದಿಯೂ ಮುಖ್ಯ. ಜೋರಾಗಿ ಊದುವಾಗ ಕ್ಷಯದ ರೋಗಾಣು ಗಾಳಿಗೆ ಹರಡಬಹುದು. ಆದ್ದರಿಂದ ಕೆಮ್ಮಿರುವವರ ಕಫವನ್ನು ಮೊದಲು ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದಲ್ಲಿ ನೋಡಿ, ಆಮೇಲಷ್ಟೇ ಸ್ಪೈರೋಮೆಟ್ರಿಗೆ ಕಳಿಸುತ್ತಾರೆ. ಕಫದ ಡಬ್ಬಿಗೆ ಸಂಖ್ಯೆ ಹಚ್ಚುವುದು, ತಂಪಿನ ಪೆಟ್ಟಿಗೆಯಲ್ಲಿ ಸಾಗಿಸುವುದು, ಹೊತ್ತು ಬರೆದಿಡುವುದು ಲ್ಯಾಬ್ ಟೆಕ್ನೀಷಿಯನ್ನರ ಹೊಣೆ. ಎದೆಯ ಎಕ್ಸ್‌-ರೇಯನ್ನು ಇಬ್ಬರು ತಜ್ಞರು ಒಬ್ಬರಿಗೊಬ್ಬರು ತಿಳಿಯದಂತೆ ಓದುತ್ತಾರೆ. ಅಭಿಪ್ರಾಯ ಬೇರೆಯಾದರೆ ಮೂರನೆಯವರ ಬಳಿ ಹೋಗುತ್ತದೆ.

ಗಾಳಿಗೂಡಿನೊಳಗಿನ ಬದಲಾವಣೆಯನ್ನೇ ನೋಡಬೇಕಾದರೆ ಬ್ರಾಂಕೋಸ್ಕೋಪಿ ಬೇಕು. ಶ್ವಾಸನಾಳಕ್ಕೆ ತೆಳು ಕೊಳವೆ ಇಳಿಸಿ, ಸಲೈನ್ ಬಿಟ್ಟು ಹಿಂದಕ್ಕೆಳೆದು, ಅದರಲ್ಲಿ ಬಂದ ಕೋಶಗಳನ್ನು ಪರೀಕ್ಷಿಸುತ್ತಾರೆ. ಮದ್ಯ ಮತ್ತು ಗ್ಲುಟಾಥಯೋನ್‌ನ ಸಂಬಂಧ ಮನುಷ್ಯರಲ್ಲಿ ಗೊತ್ತಾದದ್ದು ಇದೇ ದಾರಿಯಲ್ಲಿ. ಇದನ್ನು ಹಳ್ಳಿಯಲ್ಲಿ ಮಾಡುವಂತಿಲ್ಲ. ಬ್ರಾಂಕೋಸ್ಕೋಪಿ ತಜ್ಞರು, ಮಂಪರು ಔಷಧದ ಮೇಲೆ ಕಣ್ಣಿಡುವವರು, ನರ್ಸ್ ಎಲ್ಲರೂ ಇರುವ ಆಸ್ಪತ್ರೆಯೇ ಆಗಬೇಕು. ತೆಗೆದ ದ್ರವವನ್ನು ಬೇಗನೆ ಸಂಸ್ಕರಿಸಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ ಸೇರಿಸುವ ವಿಜ್ಞಾನಿ ಪಕ್ಕದ ಪ್ರಯೋಗಾಲಯದಲ್ಲಿ ಕಾದಿರಬೇಕು.

ಸುರಕ್ಷತೆ ಕಾಯುವವರು

ದಿನವೂ ಕುಡಿಯುವವರನ್ನು ಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ಮಲಗಿಸಿದರೆ ಹೊಸ ಅಪಾಯ ಎದುರಾಗುತ್ತದೆ. ಕೊನೆಯ ಗುಟುಕಿನ ಬಳಿಕ 6ರಿಂದ 24 ತಾಸಿನೊಳಗೆ ಕೈನಡುಕ, ಬೆವರು, ನಿದ್ರಾಹೀನತೆ ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದಲ್ಲಿ ಭ್ರಮೆ, ದಿಗ್ಭ್ರಾಂತಿ ಕಾಣಿಸಿ ಜೀವಕ್ಕೇ ಕುತ್ತಾಗಬಹುದು. ರಿಸರ್ಚ್ ನರ್ಸ್ 10 ಅಂಶಗಳ ಪಟ್ಟಿಯಲ್ಲಿ ಈ ಲಕ್ಷಣಗಳಿಗೆ ಹೊತ್ತು ಹೊತ್ತಿಗೆ ಅಂಕ ಕೊಡುತ್ತಾರೆ. ಅಂಕ ಏರಿದರೆ ಮನೋವೈದ್ಯರನ್ನು ಕರೆಯುತ್ತಾರೆ. ಕ್ಷಯದ ಮಾತ್ರೆ ತಿನ್ನುವವರಲ್ಲಿ ಯಕೃತ್ತಿನ ಪರೀಕ್ಷೆಯೂ ಬೇಕು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ಹೊರೆ. ಮದ್ಯ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಅಧ್ಯಯನದಲ್ಲಿ ಪತ್ತೆಯಾದ ಕ್ಷಯವನ್ನು ಸರ್ಕಾರಿ ಕಾರ್ಯಕ್ರಮಕ್ಕೆ ತಿಳಿಸುವುದು 2012ರಿಂದ ಕಡ್ಡಾಯ.

ಔಷಧ ಪ್ರಯೋಗವಾದರೆ ಫಾರ್ಮಸಿಸ್ಟ್ ಸೇರುತ್ತಾರೆ. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹುಸಿ ಮಾತ್ರೆ ಎಂಬ ಗುಟ್ಟು ಕಾಯುವುದು, ಮರಳಿ ಬಂದ ಮಾತ್ರೆ ಎಣಿಸುವುದು ಅವರ ಕೆಲಸ. ಗಂಭೀರ ಅನಾಹುತವಾದರೆ ಸಂಶೋಧಕರು 24 ತಾಸಿನೊಳಗೆ ನಿಯಂತ್ರಕರಿಗೆ, ಪ್ರಾಯೋಜಕರಿಗೆ, ನೀತಿ ಸಮಿತಿಗೆ ವರದಿ ಮಾಡಬೇಕು. ದೊಡ್ಡ ಪ್ರಯೋಗಗಳಲ್ಲಿ ಹೊರಗಿನ ತಜ್ಞರ ಸುರಕ್ಷತಾ ಮಂಡಳಿ ನಡುನಡುವೆ ಅಂಕಿಗಳನ್ನು ತೆರೆದು ನೋಡುತ್ತದೆ. ಅಪಾಯ ಕಂಡರೆ ಪ್ರಯೋಗ ನಿಲ್ಲಿಸಲು ಹೇಳುತ್ತದೆ.

ಅಂಕಿಗಳನ್ನು ಕಾಯುವವರು

ಮಾಹಿತಿ ವ್ಯವಸ್ಥಾಪಕರು ಫಾರಂಗಳಲ್ಲಿನ ಅಸಂಗತಗಳನ್ನು ಹುಡುಕುತ್ತಾರೆ: ಕುಡಿಯುವುದೇ ಇಲ್ಲ ಎಂದವರಿಗೆ ದಿನಕ್ಕೊಂದು ಕ್ವಾರ್ಟರ್ ಎಂದು ಬರೆದಿರುವುದು, 140 ವರ್ಷದ ವಯಸ್ಸು, ಬಿಟ್ಟುಹೋದ ತೂಕ. ಮಾನಿಟರ್ ಎಂಬ ಇನ್ನೊಬ್ಬರು ಆಗಾಗ ಬಂದು ಆಸ್ಪತ್ರೆಯ ಮೂಲ ದಾಖಲೆಯನ್ನು ಫಾರಂ ಜೊತೆ ತಾಳೆ ನೋಡುತ್ತಾರೆ.

ಸಂಖ್ಯಾಶಾಸ್ತ್ರಜ್ಞರನ್ನು ಕೊನೆಯಲ್ಲಿ ಕರೆಯುವುದು ಹಲವೆಡೆ ಕಾಣುವ ತಪ್ಪು. ಎಷ್ಟು ಜನ ಬೇಕು ಎಂಬ ಲೆಕ್ಕ ಮೊದಲ ದಿನವೇ ಆಗಬೇಕು. ಕುಡಿಯುವ ಗಂಡಸರಲ್ಲಿ ಬಹಳಷ್ಟು ಮಂದಿ ಬೀಡಿಯನ್ನೂ ಸೇದುತ್ತಾರೆ. ಕುಡಿಯದ ಹೆಂಗಸರು ವರ್ಷಗಟ್ಟಲೆ ಒಲೆಯ ಹೊಗೆ ಕುಡಿದಿರುತ್ತಾರೆ. ಬೀಡಿಯ ಸಂಖ್ಯೆ, ಅಡುಗೆ ಮನೆಯ ಕಿಟಕಿ, ಕಲ್ಲು ಒಡೆಯುವ ಕೆಲಸ, ಹಿಂದಿನ ಕ್ಷಯ ಇವುಗಳನ್ನು ಪ್ರಶ್ನಾವಳಿಯಲ್ಲಿ ಸೇರಿಸದಿದ್ದರೆ, ಬೀಡಿಯ ಪಾಪ ಮದ್ಯದ ಲೆಕ್ಕಕ್ಕೆ ಬೀಳುತ್ತದೆ. ಕೇಳದೆ ಬಿಟ್ಟ ಪ್ರಶ್ನೆಯನ್ನು ಯಾವ ಗಣಿತವೂ ತುಂಬಿಕೊಡದು.

ಅರ್ಹತೆ ಮತ್ತು ಚಿಕ್ಕ ತಂಡಗಳು

ಈ ಹುದ್ದೆಗಳಿಗೆ ಬರುವವರು ಬೇರೆ ಬೇರೆ ಓದಿನವರು. ಸಂಯೋಜಕರಾಗಿ ನರ್ಸಿಂಗ್, ಫಾರ್ಮಸಿ, ಜೀವವಿಜ್ಞಾನ ಓದಿದವರು ಬರುತ್ತಾರೆ. ಕ್ಷೇತ್ರ ಸಂದರ್ಶನಕ್ಕೆ ಸಮಾಜಕಾರ್ಯ ಇಲ್ಲವೇ ಮನಃಶಾಸ್ತ್ರ, ಪ್ರಯೋಗಾಲಯಕ್ಕೆ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ ಅಥವಾ ಪದವಿ, ಅಂಕಿಗಳಿಗೆ ಸಂಖ್ಯಾಶಾಸ್ತ್ರ ಬೇಕು. ಎಲ್ಲರಿಗೂ ಸಮಾನವಾಗಿ ಬೇಕಾದದ್ದು ಉತ್ತಮ ಕ್ಲಿನಿಕಲ್ ಅಭ್ಯಾಸದ ತರಬೇತಿ ಮತ್ತು ಊರವರೊಡನೆ ಅವರ ಕನ್ನಡದಲ್ಲೇ ಮಾತಾಡುವ ಶಕ್ತಿ. ಹೆಚ್ಚಿನ ಹುದ್ದೆಗಳು ಯೋಜನೆಯ ಅವಧಿಗೆ ಸೀಮಿತವಾದ ಗುತ್ತಿಗೆಯವು. ಮಧ್ಯದಲ್ಲಿ ಸಿಬ್ಬಂದಿ ಬದಲಾದರೆ ಹೊಸಬರಿಗೆ ತರಬೇತಿ ಕೊಟ್ಟು, ಅವರ ಅಳತೆ ಹಳಬರ ಅಳತೆಗೆ ಹೊಂದುತ್ತದೆಯೇ ಎಂದು ನೋಡಿಯೇ ಕೆಲಸಕ್ಕೆ ಬಿಡಬೇಕು.

ಹಣ ಕಡಿಮೆಯಿರುವ ಅಧ್ಯಯನದಲ್ಲಿ ಒಬ್ಬರೇ ಎರಡು ಮೂರು ಕೆಲಸ ಮಾಡುವುದು ಸಾಮಾನ್ಯ. ಸಂಯೋಜಕರೇ ಫಾರಂ ತುಂಬಬಹುದು, ನರ್ಸೇ ರಕ್ತ ತೆಗೆದು ಸ್ಪೈರೋಮೆಟ್ರಿಯನ್ನೂ ಮಾಡಿಸಬಹುದು, ಸಂದರ್ಶಕರೇ ಆಪ್ತಸಮಾಲೋಚನೆಯನ್ನೂ ನಡೆಸಬಹುದು. ಕೆಲವು ಜೋಡಿಗಳನ್ನು ಮಾತ್ರ ಕೂಡಿಸಬಾರದು. ಕುಡಿತದ ಪ್ರಮಾಣ ಕೇಳಿದವರು ಅದೇ ವ್ಯಕ್ತಿಯ ಎಕ್ಸ್‌-ರೇ ಓದಬಾರದು. ಔಷಧದ ಗುಟ್ಟು ಬಲ್ಲವರು ಪರಿಣಾಮವನ್ನು ಅಳೆಯಬಾರದು. ಚಿಕಿತ್ಸೆಗೆ ತಮ್ಮನ್ನೇ ನಂಬಿರುವ ರೋಗಿಯಿಂದ ಆ ವೈದ್ಯರೇ ಒಪ್ಪಿಗೆ ಕೇಳದಿರುವುದು ಒಳ್ಳೆಯದು. ಬೇಡವೆನ್ನಲು ರೋಗಿಗೆ ಬಾಯಿ ಬರುವುದಿಲ್ಲ. ಪ್ರಧಾನ ಸಂಶೋಧಕರು ತಮ್ಮ ಅಧ್ಯಯನವನ್ನು ಪರಿಶೀಲಿಸುವ ನೀತಿ ಸಮಿತಿಯ ಸಭೆಯಲ್ಲಿ ಮತ ಹಾಕುವಂತಿಲ್ಲ.

ಅಧ್ಯಯನ ಮುಗಿದ ಮೇಲೂ ತಂಡಕ್ಕೆ ಒಂದು ಕೆಲಸ ಉಳಿದಿರುತ್ತದೆ. ಪಾಲ್ಗೊಂಡವರಿಗೆ ಅವರವರ ಪರೀಕ್ಷೆಯ ಫಲಿತಾಂಶವನ್ನು ಗುಟ್ಟಾಗಿ ತಿಳಿಸಿ, ಚಿಕಿತ್ಸೆ ಬೇಕಾದವರನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕು. ಹೆಸರು, ಮನೆ ಗುರುತಾಗದಂತೆ ಒಟ್ಟು ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೂ ಆರೋಗ್ಯ ಇಲಾಖೆಗೂ ಕೊಡಬೇಕು. ಸಂಯೋಜಕರು, ಸಂದರ್ಶಕರು, ಆಶಾ ಕಾರ್ಯಕರ್ತೆಯರು ಸೇರಿ ಮಾಡುವ ಈ ಕೊನೆಯ ಕೆಲಸಕ್ಕೂ ಯೋಜನಾಪತ್ರದಲ್ಲೇ ದಿನ ಮತ್ತು ಹಣ ಇಟ್ಟಿರಬೇಕಾಗುತ್ತದೆ.